ಗೋಡೆಯಾಚೆ ಕೇಳಿಸದ 5.1: ಅಪಾರ್ಟ್‌ಮೆಂಟಿಗೆ ಕಡಿಮೆ ಖರ್ಚಿನ ಸರೌಂಡ್ ಸಿಸ್ಟಮ್

5.1 ಸರೌಂಡ್ ಎಂದರೆ ಮುಂದೆ ಮೂರು ಸ್ಪೀಕರ್ (ಎಡ, ಬಲ, ನಡುವೆ ಸೆಂಟರ್), ಹಿಂದೆ ಎರಡು, ಜೊತೆಗೆ ತಗ್ಗು ಸ್ವರಗಳಿಗೆಂದೇ ಒಂದು ಸಬ್‌ವೂಫರ್. ಅಂಗಡಿಯಲ್ಲಿ ಇಂಥ ಸಿಸ್ಟಮ್ ತೋರಿಸುವವರು ವಾಲ್ಯೂಮನ್ನು ಮುಕ್ಕಾಲು ಪಾಲು ಏರಿಸಿ ಹೆಲಿಕಾಪ್ಟರ್ ಹಾರುವ ದೃಶ್ಯ ಹಾಕುತ್ತಾರೆ. ಆ ಸದ್ದಿನಲ್ಲಿ ಎಂಥ ಡಬ್ಬವೂ ಭರ್ಜರಿಯಾಗಿಯೇ ಕೇಳುತ್ತದೆ. ಅಪಾರ್ಟ್‌ಮೆಂಟಿನ ಕಥೆ ಬೇರೆ. ಅಲ್ಲಿ ಸಿನಿಮಾ ಶುರುವಾಗುವುದು ರಾತ್ರಿ ಊಟ ಮುಗಿದ ಮೇಲೆ, ಪಕ್ಕದ ಕೋಣೆಯಲ್ಲಿ ಮಗು ಮಲಗಿದ ಮೇಲೆ. ಸರಾಸರಿ ಸದ್ದು 60ರಿಂದ 70 ಡೆಸಿಬೆಲ್ ದಾಟುವುದಿಲ್ಲ. ಹಾಗಾಗಿ ಇಲ್ಲಿ ಪ್ರತಿ ಸಿಸ್ಟಮ್ಮನ್ನೂ ಒಂದೇ ಪ್ರಶ್ನೆಯಿಂದ ಅಳೆಯಲಾಗಿದೆ: ವಾಲ್ಯೂಮ್ ಇಳಿಸಿದಾಗ ಇದರಲ್ಲಿ ಏನು ಉಳಿಯುತ್ತದೆ?

ಈ ಪ್ರಶ್ನೆ ಯಾಕೆ ಮುಖ್ಯ ಎಂಬುದಕ್ಕೆ ಕಾರಣ ನಮ್ಮ ಕಿವಿಯಲ್ಲೇ ಇದೆ. ಸದ್ದು ಕಡಿಮೆಯಾದಂತೆ ಕಿವಿ ಎಲ್ಲ ಸ್ವರಗಳನ್ನೂ ಒಂದೇ ಸಮ ಕಳೆದುಕೊಳ್ಳುವುದಿಲ್ಲ, ಮೊದಲು ಬೇಸ್, ಅಂದರೆ ತಗ್ಗು ಸ್ವರಗಳನ್ನು, ಕಳೆದುಕೊಳ್ಳುತ್ತದೆ. ಇದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಈಗಿನ ಐಎಸ್ಒ 226 ಮಾನಕದ ಪ್ರಕಾರ, 1000 ಹರ್ಟ್ಜ್‌ನ 40 ಡೆಸಿಬೆಲ್ ಸದ್ದು ಎಷ್ಟು ಜೋರಾಗಿ ಕೇಳುತ್ತದೋ ಅಷ್ಟೇ ಜೋರಾಗಿ 50 ಹರ್ಟ್ಜ್‌ನ ಬೇಸ್ ಸ್ವರ ಕೇಳಬೇಕಾದರೆ ಸುಮಾರು 78 ಡೆಸಿಬೆಲ್ ಬೇಕು. ಸಿನಿಮಾ ಧ್ವನಿಯನ್ನು ಮಿಕ್ಸ್ ಮಾಡುವುದು ಪ್ರತಿ ಚಾನೆಲ್ಲಿಗೆ (ಒಂದು ಸ್ಪೀಕರಿನ ಪಾಲಿನ ಸದ್ದಿಗೆ) 105 ಡೆಸಿಬೆಲ್ ಶಿಖರ ಮುಟ್ಟಬಲ್ಲ ಕೋಣೆಯಲ್ಲಿ. ಅದನ್ನು ಮನೆಯಲ್ಲಿ 25–30 ಡೆಸಿಬೆಲ್ ಇಳಿಸಿ ಕೇಳಿದರೆ ಬೇಸ್ ಬಡವಾಗುತ್ತದೆ, ಹಿಂದಿನ ಸ್ಪೀಕರುಗಳ ಮಳೆ, ಗಾಳಿ, ಜನಸಂದಣಿ ಫ್ಯಾನಿನ ಸದ್ದಿನಲ್ಲಿ ಮುಳುಗುತ್ತವೆ, ಪಿಸುಮಾತು ಅರ್ಥವಾಗುವುದಿಲ್ಲ. ಆಗ ರಿಮೋಟು ಕೈಗೆ ಬರುತ್ತದೆ. ಮಾತು ಬಂದಾಗ ಏರಿಸು, ಗುಂಡು ಸಿಡಿದಾಗ ಇಳಿಸು. ಈ ಏರಿಳಿತ ತಪ್ಪಿಸುವ ಸಿಸ್ಟಮ್ಮೇ ಅಪಾರ್ಟ್‌ಮೆಂಟಿಗೆ ಒಳ್ಳೆಯ ಸಿಸ್ಟಮ್.

ವ್ಯಾಟ್ ನೋಡಿ ಮರುಳಾಗಬೇಡಿ

ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಬರೆದ ವ್ಯಾಟ್ ಸಂಖ್ಯೆಗೆ ಅಪಾರ್ಟ್‌ಮೆಂಟಿನಲ್ಲಿ ಕೆಲಸವೇ ಇಲ್ಲ. ಲೆಕ್ಕ ಸುಲಭ. ಸಾಧಾರಣ ಬುಕ್‌ಶೆಲ್ಫ್ ಸ್ಪೀಕರಿನ ಸೆನ್ಸಿಟಿವಿಟಿ 87 ಡೆಸಿಬೆಲ್ ಆಸುಪಾಸು, ಅಂದರೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಅಷ್ಟು ಸದ್ದು. 3 ಮೀಟರ್ ದೂರದ ಸೋಫಾ ತಲುಪುವಾಗ, ಕೋಣೆಯ ಪ್ರತಿಧ್ವನಿಯೂ ಸೇರಿ, ಅದು 79ರ ಹತ್ತಿರ ಇರುತ್ತದೆ. ಸರಾಸರಿ 70 ಡೆಸಿಬೆಲ್ ಸಾಕೆಂದರೆ ಸ್ಪೀಕರ್ ಕುಡಿಯುವುದು ವ್ಯಾಟಿನ ಎಂಟನೇ ಒಂದು ಪಾಲು. ಅದರ ಮೇಲೆ 20 ಡೆಸಿಬೆಲ್ ಜಿಗಿಯುವ ಸ್ಫೋಟಕ್ಕೂ 13 ವ್ಯಾಟ್ ಸಾಕು. ಶಕ್ತಿ ಇಮ್ಮಡಿಯಾದರೆ ಸಿಗುವುದು ಬರೀ 3 ಡೆಸಿಬೆಲ್. ಕಿವಿಗೆ ಇಮ್ಮಡಿ ಜೋರು ಎನಿಸಬೇಕಾದರೆ ಹತ್ತು ಪಟ್ಟು ಶಕ್ತಿ ಬೇಕು.

ಸಂಖ್ಯೆ ಹೇಗೆ ಉಬ್ಬುತ್ತದೆ ಎಂಬುದಕ್ಕೆ ಸೋನಿಯ ಎಸ್‌ಟಿಆರ್-ಡಿಎಚ್590 ರಿಸೀವರ್ (ಟಿವಿ, ಪ್ಲೇಯರುಗಳ ಸದ್ದನ್ನು ಬಲಪಡಿಸಿ ಸ್ಪೀಕರುಗಳಿಗೆ ಹಂಚುವ ಯಂತ್ರ) ನೋಡಿ. ಮುಂದೆ ಕಾಣುವ ಅಂಕಿ ಚಾನೆಲ್ಲಿಗೆ 145 ವ್ಯಾಟ್, ಆದರೆ ಅದು 1 ಕಿಲೋಹರ್ಟ್ಜ್‌ನಲ್ಲಿ, ಶೇ 0.9 ಡಿಸ್ಟಾರ್ಶನ್ (ಸದ್ದಿನ ವಿಕೃತಿ) ಒಪ್ಪಿಕೊಂಡು ಅಳೆದದ್ದು. ಅದೇ ಯಂತ್ರವನ್ನು 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್‌ವರೆಗೆ, ಶೇ 0.09 ಡಿಸ್ಟಾರ್ಶನ್‌ನಲ್ಲಿ, ಎರಡು ಚಾನೆಲ್ ಓಡಿಸಿ ಅಳೆದರೆ 90 ವ್ಯಾಟ್. ಎರಡೂ ಸುಳ್ಳಲ್ಲ, ಅಳೆದ ಕೋಲು ಬೇರೆ. ಒಂದೇ ಡಬ್ಬದಲ್ಲಿ ಬರುವ ಸೆಟ್‌ಗಳಲ್ಲಿ ಈ ಕೋಲು ಇನ್ನೂ ಸಡಿಲ: ಶೇ 10 ಡಿಸ್ಟಾರ್ಶನ್‌ನಲ್ಲಿ ಅಳೆದು ಎಲ್ಲ ಚಾನೆಲ್ಲುಗಳನ್ನೂ ಕೂಡಿಸಿ ಹೇಳುವುದು ರೂಢಿ. ಪಿಎಂಪಿಒ (ಕ್ಷಣಮಾತ್ರದ, ಉಬ್ಬಿಸಿದ ಶಿಖರ ಶಕ್ತಿ) ಎಂದು ಬರೆದಿದ್ದರೆ ಓದುವುದನ್ನೇ ಬಿಡಬಹುದು. ಅನುಮಾನ ಬಂದರೆ ಹಿಂಬದಿಯ ಲೇಬಲ್ಲಿನಲ್ಲಿ ವಿದ್ಯುತ್ ಬಳಕೆ ಎಷ್ಟೆಂದು ನೋಡಿ. ಗೋಡೆಯ ಪ್ಲಗ್ಗಿನಿಂದ 60 ವ್ಯಾಟ್ ಎಳೆಯುವ ಪೆಟ್ಟಿಗೆ ನಿರಂತರವಾಗಿ 400 ವ್ಯಾಟ್ ಹೊರಹಾಕಲಾರದು.

ಮೂರು ದಾರಿ

ಮೊದಲನೆಯದು ಒಂಟಿ ಸೌಂಡ್‌ಬಾರ್, ಟಿವಿಯ ಕೆಳಗೆ ಇಡುವ ಉದ್ದನೆಯ ಸ್ಪೀಕರ್ ಪೆಟ್ಟಿಗೆ. ಹಿಂದೆ ಸ್ಪೀಕರ್ ಇಲ್ಲ, ಗೋಡೆಗೆ ಹೊಡೆದು ಬಂದ ಪ್ರತಿಧ್ವನಿಯಿಂದ ಸರೌಂಡ್ ಭ್ರಮೆ ಹುಟ್ಟಿಸುತ್ತದೆ. ಈ ಭ್ರಮೆಗೆ ಎಡಬಲ ಎರಡೂ ಕಡೆ ಬರಿಯ ಗಟ್ಟಿ ಗೋಡೆ ಬೇಕು, ಎರಡೂ ಹೆಚ್ಚುಕಡಿಮೆ ಸಮದೂರದಲ್ಲಿರಬೇಕು. ಹೆಚ್ಚಿನ ಅಪಾರ್ಟ್‌ಮೆಂಟ್ ಹಾಲ್‌ಗಳಲ್ಲಿ ಒಂದು ಬದಿ ಗೋಡೆ, ಇನ್ನೊಂದು ಬದಿ ಊಟದ ಜಾಗಕ್ಕೋ ಬಾಲ್ಕನಿಗೋ ತೆರೆದಿರುತ್ತದೆ. ಆಗ ಸರೌಂಡ್ ಒಂದೇ ಕಿವಿಗೆ ಬರುತ್ತದೆ. ಮೇಲ್ಮುಖವಾಗಿ ಸದ್ದು ಚಿಮ್ಮಿಸುವ ಅಟ್ಮಾಸ್ (ತಲೆಯ ಮೇಲಿನಿಂದಲೂ ಸದ್ದು ತರುವ ಡಾಲ್ಬಿ ವಿಧಾನ) ಬಾರ್‌ಗಳಿಗೂ ಇದೇ ಷರತ್ತು. ಚಾವಣಿ ಸಪಾಟಾಗಿ, ಗಟ್ಟಿಯಾಗಿ, 2.3ರಿಂದ 4.3 ಮೀಟರ್ ಎತ್ತರದೊಳಗೆ ಇರಬೇಕೆಂದು ಡಾಲ್ಬಿಯೇ ಹೇಳುತ್ತದೆ. ಮೆಟ್ಟಿಲು ಮೆಟ್ಟಿಲಾದ ಫಾಲ್ಸ್ ಸೀಲಿಂಗ್ ಇದ್ದರೆ ಆ ಸದ್ದು ಎಲ್ಲಿಗೋ ಚದುರಿ ಹೋಗುತ್ತದೆ. ಕಡಿಮೆ ವಾಲ್ಯೂಮಿನಲ್ಲಿ ಈ ಪ್ರತಿಧ್ವನಿಯೇ ಮೊದಲು ಸಾಯುವುದರಿಂದ, ರಾತ್ರಿ ಉಳಿಯುವುದು ಟಿವಿಗಿಂತ ತುಸು ಒಳ್ಳೆಯ ಸ್ಟೀರಿಯೋ. ಜಾಗವೇ ಇಲ್ಲದವರಿಗೆ 3.1 ಬಾರ್ ಸಾಕು. ಮಾತಿಗೆಂದೇ ನಡುವೆ ಬೇರೆ ಡ್ರೈವರ್ (ಪೆಟ್ಟಿಗೆಯೊಳಗೆ ಸದ್ದು ಹುಟ್ಟಿಸುವ ಭಾಗ) ಇರುವುದರಿಂದ ಅದು 2.1ಕ್ಕಿಂತ ಸ್ಪಷ್ಟವಾಗಿ ಮೇಲು. ಅಗ್ಗದ ಬಾರ್ ಮೇಲೆ 7.1.2 (ಕೊನೆಯ 2 ಮೇಲ್ಮುಖದವು) ಎಂದು ಬರೆದಿದ್ದರೆ, ಆ ಅಂಕಿಗೆ ತಕ್ಕಷ್ಟು ಡ್ರೈವರ್ ಒಳಗೆ ನಿಜಕ್ಕೂ ಇವೆಯೇ ಎಂದು ಎಣಿಸಿಯೇ ಮುಂದಿನ ಮಾತು.

ಎರಡನೆಯದು ಬಾರ್, ಸಬ್‌ವೂಫರ್, ಎರಡು ನಿಜವಾದ ಹಿಂದಿನ ಸ್ಪೀಕರ್ ಒಂದೇ ಡಬ್ಬದಲ್ಲಿ ಬರುವ ಸೆಟ್. ಸೋನಿಯ ಎಚ್‌ಟಿ-ಎಸ್20ಆರ್ ಈ ಜಾತಿಯ ಅಚ್ಚು ಮಾದರಿ. ಆಂಪ್ಲಿಫೈಯರ್ ಸಬ್‌ವೂಫರ್ ಪೆಟ್ಟಿಗೆಯಲ್ಲೇ ಇರುತ್ತದೆ, ಬಾರ್ ಮತ್ತು ಹಿಂದಿನ ಸ್ಪೀಕರುಗಳ ವೈರ್ ಅಲ್ಲಿಗೇ ಹೋಗುತ್ತದೆ, ಟಿವಿಯಿಂದ ಒಂದು ಎಚ್‌ಡಿಎಂಐ ಎಆರ್‌ಸಿ (ಟಿವಿಯ ಸದ್ದನ್ನು ಹೊರಗಿನ ಸಿಸ್ಟಮ್ಮಿಗೆ ಕಳಿಸುವ ಹಾದಿ) ಕೇಬಲ್ ಬಂದರೆ ಮುಗಿಯಿತು. ಅದರ ಅಣ್ಣ ಎಚ್‌ಟಿ-ಎಸ್40ಆರ್‌ನಲ್ಲಿ ಹಿಂದಕ್ಕೆ ಪ್ರತ್ಯೇಕ ವೈರ್‌ಲೆಸ್ ಆಂಪ್ಲಿಫೈಯರ್ ಡಬ್ಬಿ ಕೊಡುತ್ತಾರೆ. ಹಿಂದಿನ ಎರಡೂ ಸ್ಪೀಕರ್ ಆ ಡಬ್ಬಿಗೆ ವೈರಿನಲ್ಲೇ ಸೇರುತ್ತವೆ, ಡಬ್ಬಿಗೆ ಬೇರೆ ಪ್ಲಗ್ ಬೇಕು. ವೈರ್‌ಲೆಸ್ ಎಂದು ಬರೆದ ಎಲ್ಲ ಹಿಂದಿನ ಸ್ಪೀಕರುಗಳಿಗೂ ವಿದ್ಯುತ್ ಬೇಕೆಂಬುದನ್ನು ಮರೆತು, ಆಮೇಲೆ ಸೋಫಾ ಹಿಂದೆ ಎಕ್ಸ್‌ಟೆನ್ಷನ್ ಬೋರ್ಡ್ ಎಳೆಯುವವರೇ ಹೆಚ್ಚು.

ಈ ಸೆಟ್‌ಗಳು ಹಿಂದಿನಿಂದ ಬರಬೇಕಾದ ಸದ್ದನ್ನು ನಿಜಕ್ಕೂ ಹಿಂದಿನಿಂದ ತರುತ್ತವೆ. ದುಬಾರಿ ಒಂಟಿ ಬಾರ್‌ಗಿಂತ ಈ ವಿಷಯದಲ್ಲಿ ಇವೇ ಮೇಲು, ಎರಡು ಮಾತಿಲ್ಲ. ಕೊರತೆ ಬೇರೆ ಕಡೆ ಇದೆ. ಬಾರ್‌ನ ಸಣ್ಣ ಡ್ರೈವರ್‌ಗಳು 150 ಹರ್ಟ್ಜ್ ಕೆಳಗೆ ಕೈಚೆಲ್ಲುವುದರಿಂದ ಗಂಡಸಿನ ದನಿಯ ತಳ ಸಬ್‌ವೂಫರಿನಿಂದ ಬರುತ್ತದೆ. ಸಬ್‌ವೂಫರ್ ಮೂಲೆಯಲ್ಲಿದ್ದರೆ ಟಿವಿಯಲ್ಲಿ ಮಾತನಾಡುವವನ ಎದೆ ಮೂಲೆಯಲ್ಲಿ, ಬಾಯಿ ಪರದೆಯಲ್ಲಿ! ಆದ್ದರಿಂದ ಈ ಸೆಟ್‌ಗಳ ಸಬ್‌ವೂಫರನ್ನು ಬಾರ್‌ನಿಂದ ಒಂದು ಮೀಟರಿನೊಳಗೇ ಇಡಬೇಕು. ಇನ್ನೊಂದು ಕೊರತೆ: ಕೋಣೆಗೆ ತಕ್ಕ ತಿದ್ದುಪಡಿ, ಸ್ಪೀಕರ್ ದೂರದ ಹೊಂದಾಣಿಕೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಒಂದು ಭಾಗ ಕೆಟ್ಟರೆ ಇಡೀ ಸೆಟ್ ಮೂಲೆಗೆ.

ಮೂರನೆಯದು ಎವಿ ರಿಸೀವರ್ ಮತ್ತು ಬಿಡಿ ಸ್ಪೀಕರ್. ಖರ್ಚು ಹೆಚ್ಚು, ವೈರ್ ಹೆಚ್ಚು, ಮನೆಯವರ ತಕರಾರೂ ಹೆಚ್ಚು. ಆದರೂ ಕಡಿಮೆ ವಾಲ್ಯೂಮಿನ ಪರೀಕ್ಷೆಯಲ್ಲಿ ಗೆಲ್ಲುವುದು ಇದೇ, ಯಾಕೆಂದರೆ ಸೆಂಟರ್ ಒಂದನ್ನೇ ಏರಿಸುವ, ಹಿಂದಿನವನ್ನು ಬೇರೆ ಏರಿಸುವ, ಬೇಸ್ ಕತ್ತರಿಸುವ ಸ್ವಾತಂತ್ರ್ಯ ಇದರಲ್ಲಿ ಪೂರ್ತಿ ಸಿಗುತ್ತದೆ. ಈ ವರ್ಗದ ಕೆಳಮೆಟ್ಟಿಲಿನಲ್ಲಿ ಬಹುಕಾಲ ನಿಂತಿದ್ದು ಯಮಾಹಾದ ಆರ್‌ಎಕ್ಸ್-ವಿ385, 2018ರ ಯಂತ್ರ: 5.1 ಚಾನೆಲ್, 70 ವ್ಯಾಟ್, ನಾಲ್ಕು ಎಚ್‌ಡಿಎಂಐ ಇನ್‌ಪುಟ್, ಎಆರ್‌ಸಿ, ಜೊತೆಗೆ ಮೈಕ್ ಇಟ್ಟು ಕೋಣೆ ಅಳೆಯುವ ವೈಪಿಎಒ. ಅಟ್ಮಾಸ್ ಇಲ್ಲ, ಇಎಆರ್‌ಸಿ (ಎಆರ್‌ಸಿಯ ಹೊಸ, ಹೆಚ್ಚು ಹೊರಬಲ್ಲ ರೂಪ) ಇಲ್ಲ. ಚಾವಣಿಯಲ್ಲಿ ಸ್ಪೀಕರ್ ತೂಗುಹಾಕುವ ಉದ್ದೇಶವಿಲ್ಲದ ಅಪಾರ್ಟ್‌ಮೆಂಟಿಗೆ ಈ ಎರಡೂ ಇಲ್ಲದಿರುವುದು ಕೊರತೆಯೇ ಅಲ್ಲ. ಮೈಕ್ ಅಳತೆ ಮಾತ್ರ ಇರಲೇಬೇಕು. ಅಗ್ಗದ ಕೆಲವು ರಿಸೀವರ್‌ಗಳಲ್ಲಿ ಅದನ್ನೇ ಬಿಟ್ಟಿರುತ್ತಾರೆ, ಕೊಳ್ಳುವ ಮುನ್ನ ಮೊದಲು ನೋಡಬೇಕಾದದ್ದು ಅದು.

ಈ ದಾರಿಯ ದೊಡ್ಡ ಲಾಭ ಕಂತಿನಲ್ಲಿ ಕಟ್ಟಬಹುದು ಎಂಬುದು. ಮೊದಲು ರಿಸೀವರ್ ಮತ್ತು ಮುಂದಿನ ಮೂರು ಸ್ಪೀಕರ್, ಆಮೇಲೆ ಸಬ್‌ವೂಫರ್, ಕೊನೆಗೆ ಹಿಂದಿನ ಎರಡು. ಸ್ಪೀಕರಿಗೆಂದು ಇಟ್ಟ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಮುಂದಿನ ಮೂರಕ್ಕೇ ಹೋಗಲಿ. ಹಿಂದಿನವು ಅಂಗೈ ಅಗಲದ ಪೆಟ್ಟಿಗೆಗಳಾದರೂ ನಡೆಯುತ್ತದೆ. ಕೆಟ್ಟ 5.1ಗಿಂತ ಒಳ್ಳೆಯ 3.1 ಯಾವತ್ತೂ ಲೇಸು.

ಸೆಂಟರ್ ಸ್ಪೀಕರ್

ಸಿನಿಮಾದ ಮಾತಿನ ಬಹುಪಾಲು ಬರುವುದು ಸೆಂಟರಿನಿಂದ. ಮಾತು ಕೇಳುವುದಿಲ್ಲವೆಂದು ಒಟ್ಟು ವಾಲ್ಯೂಮ್ ಏರಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ರಿಸೀವರಿನ ಸ್ಪೀಕರ್ ಲೆವೆಲ್ ಮೆನುವಿಗೆ ಹೋಗಿ ಸೆಂಟರ್ ಒಂದನ್ನೇ 2–3 ಡೆಸಿಬೆಲ್ ಏರಿಸಿ, ಅಷ್ಟು ಸಾಕಾಗುತ್ತದೆ. 5 ದಾಟಿದರೆ ಎಡಬಲದ ಸಂಗೀತದಿಂದ ಮಾತು ಕಿತ್ತು ಬಂದಂತೆ ಕೇಳುತ್ತದೆ.

ಅಡ್ಡ ಮಲಗಿದ ಸೆಂಟರ್ ಸ್ಪೀಕರುಗಳಲ್ಲಿ ಸಾಮಾನ್ಯವಾಗಿ ನಡುವೆ ಟ್ವೀಟರ್ (ಮೇಲಿನ ಸ್ವರಗಳ ಡ್ರೈವರ್), ಎರಡೂ ಪಕ್ಕ ಒಂದೊಂದು ವೂಫರ್ (ಕೆಳಗಿನ ಸ್ವರಗಳದ್ದು) ಇರುತ್ತದೆ. ನೇರ ಎದುರು ಕೂತವನಿಗೆ ಸರಿ. ಪಕ್ಕಕ್ಕೆ ಕೂತವನ ಕಿವಿಗೆ ಎರಡು ವೂಫರುಗಳ ಸದ್ದು ಬೇರೆ ಬೇರೆ ಹೊತ್ತಿಗೆ ತಲುಪಿ, ಕೆಲವು ಸ್ವರಗಳು ಒಂದನ್ನೊಂದು ಅಳಿಸುತ್ತವೆ. ಎಲ್ ಆಕಾರದ ಸೋಫಾದ ಮೂಲೆಯಲ್ಲಿ ಕೂತವರು ಮಾತು ಡಬ್ಬದೊಳಗಿಂದ ಬಂದ ಹಾಗಿದೆ ಎನ್ನುವುದು ಇದಕ್ಕೇ. ಪರದೆಯ ಕೆಳಗೆ ಎತ್ತರ ಸಿಕ್ಕರೆ ಮುಂದಿನದೇ ಮಾದರಿಯ ಬುಕ್‌ಶೆಲ್ಫ್ ಒಂದನ್ನು ನೆಟ್ಟಗೆ ನಿಲ್ಲಿಸುವುದು ಇದಕ್ಕಿಂತ ಒಳ್ಳೆಯದು. ಜೋಡಿಯಾಗಿ ಮಾತ್ರ ಮಾರುತ್ತಾರೆಂದರೆ ಎರಡು ಜೋಡಿ ಕೊಳ್ಳಿ, ಉಳಿದ ಒಂದು ಬಿಡಿಭಾಗವಾಗಿ ಇರಲಿ.

ಇಡುವ ವಿಚಾರಕ್ಕೆ ಬಂದರೆ, ಕಪಾಟಿನ ಅಂಚಿಗೆ ಸಮನಾಗಿ ಮುಂದಕ್ಕೆ ಎಳೆದಿಡಿ. ಒಳಗೆ ತಳ್ಳಿದರೆ ಕಪಾಟಿನ ಹಲಗೆಯೇ ಪ್ರತಿಧ್ವನಿಸಿ ಮಾತು ಗೊಗ್ಗರಾಗುತ್ತದೆ. ಟ್ವೀಟರ್ ಮೊಣಕಾಲಿಗೆ ಗುರಿ ಇಟ್ಟಿದ್ದರೆ ಮುಂಭಾಗದ ಕೆಳಗೆ ಎರಡು ರಬ್ಬರ್ ತುಂಡು ಕೊಟ್ಟು ಕಿವಿಯ ಕಡೆ ತಿರುಗಿಸಿ. ಎದುರಿಗಿರುವ ಗಾಜಿನ ಟೀಪಾಯಿ ಮೇಲೆ ದಪ್ಪ ಬಟ್ಟೆ ಹಾಸಿ ಒಮ್ಮೆ ಕೇಳಿ, ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ.

ಸಬ್‌ವೂಫರ್ ಮತ್ತು ಕೆಳಗಿನ ಮನೆ

ನೆರೆಯವರ ಜೊತೆ ಜಗಳ ತರುವುದು ಇದೊಂದೇ ಪೆಟ್ಟಿಗೆ. ಗೋಡೆ ಸದ್ದನ್ನು ತಡೆಯುವುದು ತನ್ನ ತೂಕದಿಂದ, ಮತ್ತು ಆ ತಡೆ ಆವರ್ತನ ಅರ್ಧವಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ. 1000 ಹರ್ಟ್ಜ್‌ನಿಂದ 63ಕ್ಕೆ ಇಳಿಯುವಷ್ಟರಲ್ಲಿ ನಾಲ್ಕು ಮೆಟ್ಟಿಲು, ಅಂದರೆ 24 ಡೆಸಿಬೆಲ್ ರಕ್ಷಣೆ ಹೋಯಿತು. ಹಾಗಾಗಿ ನಿಮ್ಮ ಮನೆಯ ಮಾತು ಪಕ್ಕದ ಮನೆಗೆ ಕೇಳುವುದಿಲ್ಲ, ಗುಡುಗು ಮಾತ್ರ ಕೇಳುತ್ತದೆ.

ಕೋಣೆಯೂ ಇದಕ್ಕೆ ಕುಮ್ಮಕ್ಕು ಕೊಡುತ್ತದೆ. ಎದುರುಬದುರು ಗೋಡೆಗಳ ನಡುವೆ ಅರ್ಧ ತರಂಗ ಸರಿಯಾಗಿ ಹೊಂದುವ ಸ್ವರ ಉಬ್ಬಿ ನಿಲ್ಲುತ್ತದೆ. ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್, ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಅದು ಸಿಗುತ್ತದೆ: 4 ಮೀಟರಿಗೆ 43 ಹರ್ಟ್ಜ್, 3 ಮೀಟರಿಗೆ 57. ಅಪಾರ್ಟ್‌ಮೆಂಟ್ ಹಾಲ್‌ಗಳ ಉಬ್ಬು ಬೀಳುವುದು ಅಗ್ಗದ ಸಬ್‌ವೂಫರ್‌ಗಳು ಬಾಯಿಬಿಟ್ಟು ಕೂಗುವ 40–70 ಹರ್ಟ್ಜ್ ನಡುವೆಯೇ. ಒಂದೇ ಸ್ವರ ಗುಂಯ್ ಎನ್ನುತ್ತ ಉಳಿಯುವುದು ಈ ಜೋಡಿಯ ಫಲ. ಮೂಲೆಯಲ್ಲಿ ಇಟ್ಟರೆ ಎಲ್ಲ ಉಬ್ಬುಗಳೂ ಒಟ್ಟಿಗೆ ಏಳುತ್ತವೆ.

ಆದ್ದರಿಂದ ಆರಿಸುವಾಗ 8 ಅಥವಾ 10 ಇಂಚಿನ ಸೀಲ್ಡ್ (ಎಲ್ಲೂ ತೂತಿಲ್ಲದ) ಪೆಟ್ಟಿಗೆ ಹುಡುಕಿ. ಸೀಲ್ಡ್ ಪೆಟ್ಟಿಗೆಯ ಬೇಸ್ ಕೆಳಗಿಳಿದಂತೆ ಆಕ್ಟೇವಿಗೆ (ಆವರ್ತನ ಅರ್ಧವಾದಾಗಲೆಲ್ಲ) 12 ಡೆಸಿಬೆಲ್‌ನಂತೆ ನಿಧಾನವಾಗಿ ಕುಗ್ಗುತ್ತದೆ, ಸಣ್ಣ ಕೋಣೆ ಅದನ್ನು ತಾನೇ ಸ್ವಲ್ಪ ಎತ್ತಿ ಕೊಡುತ್ತದೆ. ಪೋರ್ಟ್ (ಗಾಳಿ ಆಡುವ ತೂತು) ಇರುವ ಪೆಟ್ಟಿಗೆ ತನ್ನ ಟ್ಯೂನಿಂಗ್ ಸ್ವರದ ತನಕ ಗಟ್ಟಿಯಾಗಿ ನಿಂತು, ಅದರ ಕೆಳಗೆ 24 ಡೆಸಿಬೆಲ್ ವೇಗದಲ್ಲಿ ಧುಮುಕುತ್ತದೆ. ಗೋಡೆಗೆ ಒತ್ತಿ ಇಡಬೇಕಾದ ಮನೆಯಲ್ಲಿ, ಹಿಂಬದಿ ಪೋರ್ಟ್ ಇದ್ದರೆ ಇನ್ನೂ ಕಿರಿಕಿರಿ. 12 ಇಂಚಿನದು ಸಣ್ಣ ಹಾಲಿಗೆ ಮೂಗಿಗಿಂತ ಮೂಗುತಿ ಭಾರ.

ಇಡುವ ಜಾಗಕ್ಕೆ ಹಳೆಯ ಉಪಾಯವೊಂದಿದೆ. ಸಬ್‌ವೂಫರನ್ನು ಸೋಫಾದ ಮೇಲೆ, ನಿಮ್ಮ ಜಾಗದಲ್ಲೇ ಇಟ್ಟು, ಬೇಸ್ ಸ್ವರ ಏರುತ್ತ ಇಳಿಯುತ್ತ ಹೋಗುವ ಹಾಡೊಂದನ್ನು ಹಾಕಿ. ಆಮೇಲೆ ಸಬ್ ಇಡಬಹುದಾದ ಜಾಗಗಳಲ್ಲೆಲ್ಲ ಮಂಡಿಯೂರಿ ತಲೆ ತಗ್ಗಿಸಿ ಕೇಳಿ. ಎಲ್ಲ ಸ್ವರಗಳೂ ಸಮನಾಗಿ ಕೇಳುವ ಜಾಗವೇ ಸಬ್‌ವೂಫರಿನ ಜಾಗ. ನೋಡುವವರಿಗೆ ನಗು ಬರುತ್ತದೆ, ಫಲಿತಾಂಶ ಮಾತ್ರ ಖಚಿತ.

ಅಪಾರ್ಟ್‌ಮೆಂಟಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದು: ಸಬ್‌ವೂಫರನ್ನು ಸೋಫಾದ ಪಕ್ಕಕ್ಕೋ ಹಿಂದಕ್ಕೋ ತಂದು ಕಿವಿಯಿಂದ ಒಂದು ಮೀಟರಿನೊಳಗೆ ಇಡುವುದು. ಹತ್ತಿರವಿರುವುದರಿಂದ ಗೇನ್ (ಸಬ್‌ವೂಫರಿನ ಸ್ವಂತ ವಾಲ್ಯೂಮ್) ಹಲವು ಡೆಸಿಬೆಲ್ ಇಳಿಸಿದರೂ ನಿಮಗೆ ಅಷ್ಟೇ ಕೇಳುತ್ತದೆ, ಗೋಡೆ ತಲುಪುವುದು ಕಡಿಮೆ. ಇದು ನಡೆಯಬೇಕಾದರೆ ಕ್ರಾಸ್‌ಓವರ್ (ಯಾವ ಸ್ವರದ ಕೆಳಗಿನದು ಸಬ್‌ವೂಫರಿಗೆ ಹೋಗಬೇಕೆಂಬ ಗಡಿ) 80 ಹರ್ಟ್ಜ್ ದಾಟಬಾರದು, ದಾಟಿದರೆ ಬೇಸ್ ಹಿಂದಿನಿಂದ ಬರುತ್ತಿದೆಯೆಂದು ಕಿವಿ ಪತ್ತೆ ಹಚ್ಚುತ್ತದೆ. ಅಂದರೆ ಮುಂದಿನ ಸ್ಪೀಕರುಗಳು 80ರವರೆಗೆ ಇಳಿಯಬೇಕು, 5 ಇಂಚಿನ ವೂಫರ್ ಇರುವ ಬುಕ್‌ಶೆಲ್ಫ್ ಆ ಕೆಲಸ ಮಾಡುತ್ತದೆ. ಒಂದೇ ಡಬ್ಬದ ಸೆಟ್‌ಗಳ ಬಾರ್ ಮಾಡಲಾರದು.

ಕೆಳಗೆ ಹಾಕುವ ಫೋಮ್ ಪ್ಯಾಡ್‌ಗಳ ಬಗ್ಗೆ ಭರವಸೆ ಮಿತವಾಗಿರಲಿ. ಪೆಟ್ಟಿಗೆಯ ಅಲುಗಾಟ ನೆಲಕ್ಕೆ ಇಳಿಯುವುದನ್ನು ಅವು ತಡೆಯುತ್ತವೆ, ಮರದ ನೆಲದಲ್ಲಿ ಗುಣ ಚೆನ್ನಾಗಿ ಗೊತ್ತಾಗುತ್ತದೆ. ಕಾಂಕ್ರೀಟ್ ನೆಲದಲ್ಲಿ ತೊಂದರೆಯ ಹೆಚ್ಚು ಪಾಲು ಗಾಳಿಯ ಮೂಲಕ ಹೋಗುವ ಬೇಸ್. ಅದಕ್ಕೆ ಪ್ಯಾಡ್ ಏನೂ ಮಾಡದು, ಗೇನ್ ಇಳಿಸುವುದೊಂದೇ ಮದ್ದು. ಮೊಟ್ಟೆಯ ಟ್ರೇ ಆಕಾರದ ಫೋಮ್ ಗೋಡೆಗೆ ಅಂಟಿಸುವುದಂತೂ ದಂಡ, ಅದು ಹೀರುವುದು ಮೇಲಿನ ಸ್ವರಗಳನ್ನು ಮಾತ್ರ.

ಮೊಬೈಲ್ ಆ್ಯಪ್‌ನಲ್ಲಿ ಅಳೆದು ಬರೀ 62 ಡೆಸಿಬೆಲ್ ಇದೆ, ಪಕ್ಕದವರದ್ದು ಸುಮ್ಮನೆ ತಕರಾರು ಎಂದುಕೊಳ್ಳುವವರು ಒಂದು ಗಮನಿಸಬೇಕು. ಬಹುತೇಕ ಆ್ಯಪ್‌ಗಳು ಎ-ವೆಯ್ಟಿಂಗ್ ಎಂಬ ಅಳತೆಯ ಕ್ರಮದಲ್ಲಿ ತೆರೆದುಕೊಳ್ಳುತ್ತವೆ, ಅದು 50 ಹರ್ಟ್ಜ್‌ಗೆ 30 ಡೆಸಿಬೆಲ್ ರಿಯಾಯಿತಿ ಕೊಟ್ಟುಬಿಡುತ್ತದೆ. ಬೇಸನ್ನು ಹೆಚ್ಚುಕಡಿಮೆ ಪೂರ್ತಿ ಎಣಿಸುವ ಸಿ-ವೆಯ್ಟಿಂಗ್‌ಗೆ ಬದಲಿಸಿ ಅಳೆಯಿರಿ. ಎರಡು ಅಂಕಿಗಳ ಅಂತರ 15–20 ದಾಟಿದರೆ ಬೇಸ್ ವಿಪರೀತ ಇದೆ. ಬಾಗಿಲು ಮುಚ್ಚಿ ಹೊರಗಿನ ಕಾರಿಡಾರಿನಲ್ಲಿ ನಿಂತು ಕೇಳುವುದು ಇದಕ್ಕಿಂತ ಸರಳ.

ಹಿಂದಿನ ಜೋಡಿ

5.1ಕ್ಕೆ ಎಡಬಲ ಸ್ಪೀಕರುಗಳು ನೇರ ನೋಟದಿಂದ 22–30 ಡಿಗ್ರಿ, ಸರೌಂಡ್ ಎರಡು 110–120 ಡಿಗ್ರಿ ಎಂಬುದು ಡಾಲ್ಬಿಯ ನಕ್ಷೆ. ಸೋಫಾ ಹಿಂದಿನ ಗೋಡೆಗೆ ಅಂಟಿರುವ ಮನೆಯಲ್ಲಿ ಅದು ನಡೆಯದು. ಆಗ ಸರೌಂಡ್‌ಗಳನ್ನು ನೇರ ಪಕ್ಕಕ್ಕೆ, 90 ಡಿಗ್ರಿಗೆ, ಕಿವಿಗಿಂತ 40–60 ಸೆಂಟಿಮೀಟರ್ ಎತ್ತರಕ್ಕೆ ಏರಿಸಿ. ಒಬ್ಬರ ಕಿವಿಗೆ ಸ್ಪೀಕರ್ ಅಂಟಿದಂತಿದ್ದರೆ ಅದನ್ನು ಎದುರಿನ ಗೋಡೆಯ ಕಡೆ ತುಸು ತಿರುಗಿಸಿ. ಹಿಂದಿನ ಗೋಡೆಗೆ ಹೊಡೆದು ಅವನ್ನು ತಲೆಯ ಹಿಂದೆ ಪರದೆ ಕಡೆ ಮುಖಮಾಡಿ ನೇತುಹಾಕುವುದು ಎಲ್ಲಕ್ಕಿಂತ ಕೆಟ್ಟ ಜಾಗ. ಸಾಧ್ಯವಿದ್ದರೆ ಸೋಫಾವನ್ನೇ ಒಂದು ಮೊಳ ಮುಂದಕ್ಕೆ ಎಳೆಯಿರಿ, ಹಿಂಗೋಡೆಯ ಬೇಸ್ ಉಬ್ಬೂ ತಗ್ಗುತ್ತದೆ. ಪಕ್ಕದ ಮನೆಯೊಂದಿಗೆ ಹಂಚಿಕೊಂಡ ಗೋಡೆಗೆ ಬ್ರಾಕೆಟ್ ಹೊಡೆಯುವ ಬದಲು ಸ್ಟ್ಯಾಂಡ್ ಬಳಸಿ.

ವೈರಿಗೆ 1.5 ಚದರ ಮಿಲಿಮೀಟರ್ ಶುದ್ಧ ತಾಮ್ರ ಸಾಕು. 10 ಮೀಟರ್ ಓಟಕ್ಕೆ ಹೋಗಿಬರುವ ರೆಸಿಸ್ಟೆನ್ಸ್ 0.23 ಓಮ್, ಅಂದರೆ 8 ಓಮ್ ಸ್ಪೀಕರಿಗೆ ಶೇ 3ಕ್ಕೂ ಕಡಿಮೆ. ಶೇ 5ರೊಳಗಿದ್ದರೆ ಚಿಂತೆಯಿಲ್ಲ. 4 ಓಮ್ ಸ್ಪೀಕರಾದರೆ 2.5ಕ್ಕೆ ಏರಿ. ಸಿಸಿಎ ಎಂದು ಬರೆದ ವೈರ್ ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಅದರ ರೆಸಿಸ್ಟೆನ್ಸ್ ಸುಮಾರು ಒಂದೂವರೆ ಪಟ್ಟು, ಬಾಗಿಸಿದರೆ ಮುರಿಯುತ್ತದೆ. ತುದಿಯನ್ನು 10–12 ಮಿಲಿಮೀಟರ್ ಮಾತ್ರ ಸುಲಿದು ಬಿಗಿಯಾಗಿ ಹೊಸೆಯಿರಿ. ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್ ಮುಟ್ಟಿದರೂ ರಿಸೀವರ್ ಪ್ರೊಟೆಕ್ಟ್ ಮೋಡಿಗೆ ಹೋಗಿ ಆರಿಬಿಡುತ್ತದೆ. ಒಂದು ಸ್ಪೀಕರಿನ ಕೆಂಪು-ಕಪ್ಪು ಅದಲುಬದಲಾದರೆ ಏನೂ ಸುಡುವುದಿಲ್ಲ, ಬೇಸ್ ತೆಳ್ಳಗಾಗಿ ಸದ್ದು ದಿಕ್ಕು ತಪ್ಪುತ್ತದೆ. ಅನುಮಾನವಿದ್ದರೆ ವೈರನ್ನು ರಿಸೀವರಿನಿಂದ ಬಿಡಿಸಿ 1.5 ವೋಲ್ಟ್ ಸೆಲ್ಲಿಗೆ ಕ್ಷಣಮಾತ್ರ ಮುಟ್ಟಿಸಿ: ಪ್ಲಸ್ ಕೆಂಪಿಗೆ ಹೋಗಿದ್ದರೆ ವೂಫರ್ ಹೊರಕ್ಕೆ ಚಿಮ್ಮುತ್ತದೆ.

ವೈರ್‌ಲೆಸ್ಸೇ ಬೇಕೆಂದರೆ 5 ಗಿಗಾಹರ್ಟ್ಜ್ ಆಸುಪಾಸಿನಲ್ಲಿ ಕೆಲಸ ಮಾಡುವುದನ್ನು ಆರಿಸಿ. ಅಪಾರ್ಟ್‌ಮೆಂಟಿನ 2.4 ಗಿಗಾಹರ್ಟ್ಜ್ ಪಟ್ಟಿಯಲ್ಲಿ ಹತ್ತಾರು ಮನೆಗಳ ವೈಫೈ ನೂಕಾಡುತ್ತಿರುತ್ತದೆ. ಎರಡು ಬ್ಲೂಟೂತ್ ಸ್ಪೀಕರ್ ಹಿಂದೆ ಇಟ್ಟು ಸರೌಂಡ್ ಮಾಡುವ ಆಸೆ ಬೇಡ. ಬ್ಲೂಟೂತಿನಲ್ಲಿ ಹೋಗುವುದು ಸ್ಟೀರಿಯೋ, ಅದೂ ತಡವಾಗಿ.

ಎಲ್ಲ ಜೋಡಿಸಿದ ಮೇಲೂ ಸರೌಂಡ್ ಬರುತ್ತಿಲ್ಲವೇ?

ಹತ್ತರಲ್ಲಿ ಒಂಬತ್ತು ಸಲ ತಪ್ಪು ಟಿವಿಯ ಮೆನುವಿನಲ್ಲಿರುತ್ತದೆ. ಕೇಬಲ್ ಎರಡೂ ಕಡೆ ಎಆರ್‌ಸಿ ಎಂದು ಬರೆದ ಪೋರ್ಟಿನಲ್ಲೇ ಇದೆಯೇ ನೋಡಿ. ಟಿವಿಯಲ್ಲಿ ಸಿಇಸಿ (ಎಚ್‌ಡಿಎಂಐ ಮೂಲಕ ಯಂತ್ರಗಳು ಒಂದನ್ನೊಂದು ನಿಯಂತ್ರಿಸುವ ಸೌಲಭ್ಯ) ಆನ್ ಮಾಡಿ. ಸ್ಯಾಮ್‌ಸಂಗ್ ಅದನ್ನು ಎನಿನೆಟ್ ಪ್ಲಸ್ ಎನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್, ಸೋನಿ ಬ್ರಾವಿಯಾ ಸಿಂಕ್. ಆಮೇಲೆ ಡಿಜಿಟಲ್ ಆಡಿಯೋ ಔಟ್ ಎಂಬಲ್ಲಿ ಪಿಸಿಎಂ (ಟಿವಿಯೇ ಬಿಡಿಸಿ ಕೊಡುವ ಸದ್ದು) ಬಿಟ್ಟು ಪಾಸ್‌ಥ್ರೂ (ಬಂದ ಹಾಗೇ ಮುಂದಕ್ಕೆ) ಅಥವಾ ಆಟೋ ಆರಿಸಿ. ಪಿಸಿಎಂನಲ್ಲಿದ್ದರೆ ಎಆರ್‌ಸಿ ಮೂಲಕ ಹೋಗುವುದು ಎರಡೇ ಚಾನೆಲ್, ಉಳಿದದ್ದನ್ನು ರಿಸೀವರ್ ಊಹಿಸಿ ತುಂಬುತ್ತದೆ. ರಿಸೀವರಿನ ಮುಖದಲ್ಲಿ ಡಾಲ್ಬಿ ಡಿಜಿಟಲ್ ಅಥವಾ ಡಾಲ್ಬಿ ಡಿಜಿಟಲ್ ಪ್ಲಸ್ ಎಂದು ಮೂಡುವ ತನಕ ಕೆಲಸ ಮುಗಿದಿಲ್ಲ. ಸ್ಟ್ರೀಮಿಂಗ್ ಆ್ಯಪ್‌ನ ಒಳಗೆ ಆ ಸಿನಿಮಾಕ್ಕೆ 5.1 ಟ್ರ್ಯಾಕ್ ಆರಿಸಿದ್ದೀರಾ ಎಂಬುದೂ ನೋಡಬೇಕಾದ್ದೇ.

ಆಪ್ಟಿಕಲ್ ಕೇಬಲ್ ಹಳೆಯದಾದರೂ ಕೆಲಸಕ್ಕೆ ಬರುತ್ತದೆ. ಅದು ಡಾಲ್ಬಿ ಡಿಜಿಟಲ್ 5.1 ಸಾಗಿಸುತ್ತದೆ, ಡಿಜಿಟಲ್ ಪ್ಲಸ್ ಸಾಗಿಸುವುದಿಲ್ಲ, ಅಟ್ಮಾಸ್ ಇಲ್ಲ. ಸ್ಟ್ರೀಮಿಂಗ್‌ನ ಅಟ್ಮಾಸ್ ಡಿಜಿಟಲ್ ಪ್ಲಸ್ ಒಳಗೆ ಬರುವುದರಿಂದ ಸಾಧಾರಣ ಎಆರ್‌ಸಿಗೂ ಅದು ಹಿಡಿಸುತ್ತದೆ. ಇಎಆರ್‌ಸಿ ನಿಜವಾಗಿ ಬೇಕಾಗುವುದು ಬ್ಲೂ-ರೇ ಡಿಸ್ಕಿನ ಟ್ರೂಎಚ್‌ಡಿಯನ್ನು (ಗುಣ ಕಳೆಯದ ಡಾಲ್ಬಿ ಸದ್ದನ್ನು) ಟಿವಿಯ ಮೂಲಕ ಕಳಿಸುವವರಿಗೆ. ಸ್ಯಾಮ್‌ಸಂಗ್ ಟಿವಿಗಳು 2018ರಿಂದ ಡಿಟಿಎಸ್ (ಡಾಲ್ಬಿಗೆ ಎದುರಾಳಿಯಾದ ಧ್ವನಿ ಮಾದರಿ) ಬಿಟ್ಟಿವೆ, ಡಿಟಿಎಸ್ ಫೈಲುಗಳಿದ್ದರೆ ಪ್ಲೇಯರನ್ನು ನೇರ ರಿಸೀವರಿಗೇ ಜೋಡಿಸಿ.

ಮೈಕ್ ಅಳತೆಯ ನಂತರ

ಅಳೆಯುವಾಗ ಮೈಕ್ ಕಿವಿಯ ಎತ್ತರದಲ್ಲಿ ಸ್ಟ್ಯಾಂಡಿನ ಮೇಲಿರಲಿ, ಸೋಫಾದ ಬೆನ್ನಿಗೆ ಆನಿಸಬೇಡಿ, ಫ್ಯಾನ್ ನಿಲ್ಲಿಸಿ. ಸಬ್‌ವೂಫರಿನ ಗೇನ್ ನಡುವೆ, ಅದರ ಸ್ವಂತ ಕ್ರಾಸ್‌ಓವರ್ ತಿರುಗಣಿ ಗರಿಷ್ಠಕ್ಕೆ. ಅಳತೆ ಮುಗಿದ ಮೇಲೆ ಸಬ್ ಲೆವೆಲ್ ಮೈನಸ್ 12ಕ್ಕೆ ಬಂದು ತಳ ಮುಟ್ಟಿದ್ದರೆ ಗೇನ್ ಹೆಚ್ಚಾಗಿದೆ, ಇಳಿಸಿ ಮತ್ತೆ ಅಳೆಯಿರಿ. ಸಬ್‌ವೂಫರಿನ ದೂರ ಟೇಪಿನ ಅಳತೆಗಿಂತ ಒಂದೆರಡು ಮೀಟರ್ ಹೆಚ್ಚು ತೋರಿಸಿದರೆ ಮುಟ್ಟಬೇಡಿ, ಅದರೊಳಗಿನ ಸರ್ಕ್ಯೂಟಿನ ವಿಳಂಬವನ್ನೂ ದೂರವಾಗಿ ಎಣಿಸಿರುತ್ತದೆ. ಸ್ಪೀಕರುಗಳನ್ನು ಲಾರ್ಜ್ (ಬೇಸನ್ನೂ ತಾವೇ ನುಡಿಸುವವು) ಎಂದು ಗುರುತಿಸಿದ್ದರೆ ಮಾತ್ರ ಎಲ್ಲವನ್ನೂ ಸ್ಮಾಲ್ ಮಾಡಿ, ಕ್ರಾಸ್‌ಓವರ್ 80 ಕೊಡಿ. ಅಂಗೈ ಅಗಲದ ಸ್ಯಾಟಲೈಟ್‌ಗಳಿಗೆ 120–150.

ರಾತ್ರಿಯ ಕೀಲಿಕೈ ಇರುವುದು ಎರಡು ಸೆಟ್ಟಿಂಗ್‌ಗಳಲ್ಲಿ. ಡೈನಾಮಿಕ್ ರೇಂಜ್ ಕಂಪ್ರೆಷನ್ ಅಥವಾ ನೈಟ್ ಮೋಡ್ ಎಂಬುದು ಪಿಸುಮಾತು ಏರಿಸಿ ಸ್ಫೋಟ ಇಳಿಸುತ್ತದೆ, ರಿಮೋಟಿನ ಏರಿಳಿತಕ್ಕೆ ನೇರ ಉತ್ತರ ಇದೇ. ಆಡಿಸ್ಸಿ (ವೈಪಿಎಒದಂಥದೇ ಮೈಕ್ ಅಳತೆ) ಇರುವ ಡೆನಾನ್, ಮರಾಂಟ್ಜ್ ಯಂತ್ರಗಳ ಡೈನಾಮಿಕ್ ಇಕ್ಯೂ ವಾಲ್ಯೂಮ್ ಇಳಿದಂತೆ ಬೇಸನ್ನೂ ಹಿಂದಿನ ಸ್ಪೀಕರುಗಳನ್ನೂ ಕಿವಿಯ ವಕ್ರರೇಖೆಗೆ ತಕ್ಕಂತೆ ಎತ್ತುತ್ತದೆ. ಎತ್ತುವುದು ಹೆಚ್ಚಾಗಿ ಕೆಳಗಿನ ಮನೆಯವರು ಬಾಗಿಲು ತಟ್ಟಿದರೆ ರೆಫರೆನ್ಸ್ ಲೆವೆಲ್ ಆಫ್‌ಸೆಟ್ ಅನ್ನು 0ಯಿಂದ 10ಕ್ಕೆ ಇಡಿ, ಗುಣ ಉಳಿದು ಗುಡುಗು ತಗ್ಗುತ್ತದೆ.

ಹಳೆಯ ರಿಸೀವರ್ ಅಗ್ಗಕ್ಕೆ ಸಿಕ್ಕರೆ 4ಕೆ ಇಲ್ಲವೆಂದು ಬಿಡಬೇಕಿಲ್ಲ, ಚಿತ್ರದ ಸಾಧನಗಳನ್ನೆಲ್ಲ ಟಿವಿಗೆ ಕೊಟ್ಟು ಎಆರ್‌ಸಿಯಿಂದ ಸದ್ದು ಮಾತ್ರ ತನ್ನಿ. ಕೊಳ್ಳುವ ಮುನ್ನ ಪ್ರತಿ ಎಚ್‌ಡಿಎಂಐ ಪೋರ್ಟನ್ನೂ ಅರ್ಧ ಗಂಟೆ ಓಡಿಸಿ ನೋಡಿ, ಬಿಸಿಯಾದ ಮೇಲೆ ಕೈಕೊಡುವ ಬೋರ್ಡುಗಳೇ ಹೆಚ್ಚು. ಹಳೆಯ ಸ್ಪೀಕರಾದರೆ ವೂಫರಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ: ರಬ್ಬರಾದರೆ ಮೆತ್ತಗೆ ಮರಳುತ್ತದೆ, ಫೋಮಾದರೆ ಪುಡಿಯಾಗಿ ಬೆರಳಿಗೆ ಅಂಟುತ್ತದೆ. ಮನೆಗೆ ತಂದ ರಿಸೀವರಿನ ತಲೆಯ ಮೇಲೆ ಕನಿಷ್ಠ 10 ಸೆಂಟಿಮೀಟರ್ ಖಾಲಿ ಇರಲಿ, ಸೆಟ್‌ಟಾಪ್ ಬಾಕ್ಸ್ ಅದರ ಮೇಲೆ ಕೂರಬಾರದು.